4×5 ಅಡಿ ಬಚ್ಚಲಕ್ಕ ಶವರ್: ಟೈಲ್ಸ್ ಹಚ್ಚೂಕಿಂತ ಮೊದಲ ಗೋಡಿ ಹೆಂಗ ತಯಾರ ಮಾಡಬೇಕು?

ಹಳೇಮನಿ_ಹುಬ್ಬಳ್ಳಿ ಕೇಳಿದ್ದು:

ಹಳೇ ಹುಬ್ಬಳ್ಳಿಯೊಳಗಿನ ಹಳೇ ಮನಿ. ಬಚ್ಚಲದ ಒಳ ಅಳತಿ 4 ಅಡಿ ಅಗಲ, 5 ಅಡಿ ಉದ್ದ. ಬಾಗಿಲ ಎರಡೂವರಿ ಅಡಿ, 4 ಅಡಿ ಗೋಡಿಗೆ ಐತಿ. ಅದರ ಎದುರಿನ 4 ಅಡಿ ಗೋಡಿಗೆ ಶವರ್ ಕೂಡಿಸೋ ವಿಚಾರ. ಆ ಗೋಡಿ ನಾಲ್ಕೂವರಿ ಇಂಚಿನ ಇಟ್ಟಂಗಿದು, ಅದರ ಹಿಂದ ಮಲಗೋ ಖೋಲಿ. ಉದ್ದನ್ನ ಗೋಡಿಯೊಳಗ ಒಂದು ಇಟ್ಟಂಗಿ, ಇನ್ನೊಂದು ಹೊರಗೋಡಿ. ಅದು ಕಲ್ಲು-ಮಣ್ಣಿಂದು, ಒಂದೂವರಿ ಅಡಿ ದಪ್ಪ.

ಇಷ್ಟು ವರ್ಷ ಮೂಲ್ಯಾಗ ಹಂಡೆ ಇತ್ತು, ಕಟಗಿ ಒಲಿ. ಗೋಡಿ ತುಂಬ ಮಸಿ, ಅದರ ಮ್ಯಾಲೆ ಸುಣ್ಣ, ಅದರ ಮ್ಯಾಲೆ ಆಯಿಲ್ ಪೇಂಟ್. ನೆಲಕ್ಕ ಶಾಬಾದಿ ಫರ್ಸಿ. ಕೆಳಗಿನ ಮೂರು ಅಡಿ ಗಿಲಾವು ಸವಳ ಹತ್ತಿ ಉದುರಾಕತ್ತೈತಿ. ಈಗ ಹಂಡೆ ತಗದು ಸೋಲಾರ್ ನೀರು, ಒಂದು ಗೀಜರ್ ಮಾಡೋದೈತಿ.

ಗೌಂಡಿ ಹೇಳೋದು ಹಿಂಗ: "ಗಿಲಾವಿಗೆ ಉಳಿಲೆ ಅಲ್ಲಲ್ಲಿ ಕಚ್ಚು ಹೊಡದು, ಸಿಮೆಂಟ್ ಹಾಕಿ ಟೈಲ್ಸ್ ಹಚ್ಚತೀವಿ. ವಾಟರ್‌ಪ್ರೂಫ್ ನೆಲಕ್ಕಷ್ಟ ಸಾಕು." ಬಕೆಟ್ಟಿಲೆ ಸ್ನಾನ ಮಾಡೂ ಮುಂದ ಇದು ನಡೀತಿತ್ತೋ ಏನೋ, ಶವರ್ ಅಂದ್ರ ದಿನಾ ಗೋಡಿಗೆ ನೀರು ಬೀಳತೈತಿ. ಹಳೇ ಗಿಲಾವು ಉಳಿಸಬಹುದ? ಟೈಲ್ಸ್ ಹಿಂದ ಏನು ಮಾಡಿಸಬೇಕು, ಎಷ್ಟು ಎತ್ತರದ ತನಕ? ಕಲ್ಲಿನ ಗೋಡಿಗೆ ಬ್ಯಾರೆ ಏನರ ಮಾಡಬೇಕ? ಕ್ರಮವಾಗಿ ತಿಳಿಸಿದ್ರ ಉಪಕಾರ ಆಗತೈತಿ.

ಗೌಂಡಿಕೆಲಸ_ಧಾರವಾಡ:

ಅಕ್ಕಾರ, ಗಿಲಾವು ಪೂರ್ತಿ ಕಿತ್ತು ಒಗೀರಿ. ಒಂದು ಅಂಗೈ ಅಗಲನೂ ಉಳಸಬ್ಯಾಡ್ರಿ. ಮಸಿ, ಸುಣ್ಣ, ಆಯಿಲ್ ಪೇಂಟ್, ಈ ಮೂರೂ ಸಿಮೆಂಟಿಗೆ ಶತ್ರು. ಕಚ್ಚು ಹೊಡದ ಜಾಗಾದಾಗ ಅಷ್ಟ ಹಿಡೀತೈತಿ, ಉಳದದ್ದೆಲ್ಲಾ ಪೇಂಟಿನ ಮ್ಯಾಲೆ ಕುಂತಿರತೈತಿ. ಟೈಲ್ಸಿನ ಭಾರ ಪೇಂಟ್ ಹೊರಂಗಿಲ್ಲ, ಪೇಂಟಿನ ಹಿಂದಿನ ಸುಣ್ಣಾ ಹೊರಂಗಿಲ್ಲ. ಶವರಿನ ಬಿಸಿನೀರಿಗೆ ಗೋಡಿ ಕಾದು ತಣ್ಣಗಾಗಿ, ಕಾದು ತಣ್ಣಗಾಗಿ, ಒಂದಿನ ಇಡೀ ಸಾಲು ಹೊಟ್ಟಿ ಬಿಟ್ಟು ಮುಂದ ಬರತೈತಿ.

ಇಟ್ಟಂಗಿ ಕಂಡ ಮ್ಯಾಲೆ ಸಂದಿ ಸಂದಿಯಾಗಿನ ಹಳೇ ಗಾರಿ ಅರ್ಧ ಇಂಚು ಆಳ ಕೆದರಬೇಕು. ಹೊಸ ಗಿಲಾವು ಹಿಡಿಯೋದು ಆ ಸಂದಿಯಾಗನ. ಹಂಡೇದ ಹತ್ರ ಇಟ್ಟಂಗಿ ಬೆಂಕಿಗೆ ಸುಟ್ಟು ಪುಡಿ ಆಗಿರತಾವು, ಉಗುರಿಲೆ ಕೆರದ್ರ ಉದುರಿದ್ರ ಆ ಇಟ್ಟಂಗಿ ತಗದು ಹೊಸಾದು ಕೂಡಸ್ರಿ. ಕೆಳಗಿನ ಮೂರು ಅಡಿ ಸವಳ ಹತ್ತಿದ್ದಕ್ಕೂ ಅದ ಮಾತು. ಬಿಳೇ ಹಿಟ್ಟಿನಂಥಾ ಉಪ್ಪನ್ನ ಒಣ ಬ್ರಷ್ಷಿಲೆ ತಿಕ್ಕಿ ಮೊರದಾಗ ಹಿಡದು ಹೊರಗ ಚೆಲ್ಲಬೇಕು. ನೀರ ಹಾಕಿ ತೊಳದ್ರ ಉಪ್ಪು ಕರಗಿ ತಿರುಗಿ ಇಟ್ಟಂಗಿಯೊಳಗನ ಹೋಗತೈತಿ. ಒಣಗಿಸಿ ತಿಕ್ಕೋದು, ಎರಡು ದಿನ ಬಿಡೋದು, ಮತ್ತ ತಿಕ್ಕೋದು. ಮೂರನೇ ಸಲಕ್ಕ ಬಿಳುಪು ಬರೋದು ಕಡಿಮಿ ಆಗತೈತಿ.

ಆಮ್ಯಾಲೆ ಪೈಪಿನ ಗಾಡಿ (ಪೈಪ್ ಕೂಡಾಕ ಗೋಡ್ಯಾಗ ಕೊರಿಯೋ ಕಾಲುವಿ) ಕೊರದು, ಪೈಪ್ ಕೂಡಿಸಿ, ಪ್ರೆಶರ್ ಟೆಸ್ಟ್ ಆದ ಮ್ಯಾಲನ ಗಿಲಾವು. ಇದನ್ನ ನಳದವ್ರು ಹೇಳ್ತಾರ, ನಾ ಗಿಲಾವಿನ ಮಾತಷ್ಟ ಹೇಳತೀನಿ.

ಹದ ಒಂದಕ್ಕ ನಾಲ್ಕು. ಒಂದು ಚೀಲ ಸಿಮೆಂಟಿಗೆ 5 ಘನ ಅಡಿ ಉಸುಕು. ತುಂಗಭದ್ರಾ ಕಡೀ ಹೊಳಿ ಉಸುಕು ಸಿಕ್ಕರ ಚಲೋ, ಆದ್ರ ರೇವಿ (ಉಸುಕಿನ್ಯಾಗ ಕೂಡಿದ ನುಣ್ಣನ ಮಣ್ಣು) ನೋಡ್ರಿ. ಗಾಜಿನ ಬಾಟ್ಲಿಯೊಳಗ ಅರ್ಧ ಉಸುಕು, ಮ್ಯಾಲೆ ಒಂದು ಚಮಚ ಉಪ್ಪು ಹಾಕಿದ ನೀರು ತುಂಬಿ ಅಲುಗಾಡಿಸಿ ಮೂರು ತಾಸು ಇಡ್ರಿ. ಉಸುಕಿನ ಮ್ಯಾಲೆ ಕುಂತ ರಾಡಿ ಪದರ ಉಸುಕಿನ ಎತ್ತರದ ಹನ್ನೆರಡನೇ ಪಾಲಿಗಿಂತ ಹೆಚ್ಚಿದ್ರ ಆ ಉಸುಕು ತೊಳೀಬೇಕು ಇಲ್ಲಾ ವಾಪಸ್ ಕಳಸಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ತಗೊಂಡ್ರ ಗಿಲಾವಿಗೆ ಅಂತ ಬ್ಯಾರೆ ಸಣ್ಣದು ಬರತೈತಿ, ಕಾಂಕ್ರೀಟಿನ ಎಂ-ಸ್ಯಾಂಡ್ ತರಬ್ಯಾಡ್ರಿ. ಸಿಮೆಂಟಿನ್ಯಾಗ ಕೂಡಿಸೋ ವಾಟರ್‌ಪ್ರೂಫ್ ದ್ರವ, ಡಾ. ಫಿಕ್ಸಿಟ್ ಎಲ್‌ಡಬ್ಲ್ಯೂ ಪ್ಲಸ್ ಥರದ್ದು, 50 ಕೆಜಿ ಚೀಲಕ್ಕ 200 ಮಿ.ಲೀ. ಹೆಚ್ಚ ಹಾಕಿದ್ರ ಹೆಚ್ಚ ಗಟ್ಟಿ ಆಗೂದಿಲ್ಲ. ಮತ್ತ ಈ ದ್ರವ ಹಾಕಿದ್ದು ಮುಂದ ಹಚ್ಚೋ ಕೋಟಿಂಗಿಗೆ ಬದಲಿ ಅಲ್ಲ.

ಗೋಡಿ ಹಿಂದಿನ ದಿನನ ನೀರ ಹೊಡದು ನೆನಸ್ರಿ. ದಪ್ಪ 12ರಿಂದ 15 ಮಿ.ಮೀ. ಗೋಡಿ ಡೊಂಕಿದ್ದು 20 ಮಿ.ಮೀ. ಮ್ಯಾಲೆ ಬೇಕಂದ್ರ ಎರಡು ಸಲ ಹಾಕಬೇಕು, ಮೊದಲಿನ ಪದರಿಗೆ ಗೀರು ಎಳದು ಮರುದಿನ ಎರಡನೇದ್ದು. ಒಂದ ಸಲಕ್ಕ ದಪ್ಪ ಬಡದ್ರ ಅದರ ಭಾರಕ್ಕ ಅದ ಜೋತು ಬೀಳತೈತಿ.

ಕೊನೀಗೆ ಕಟಗಿ ರಂದಾದಿಂದ (ಗಿಲಾವು ತೀಡೋ ಹಲಗಿ) ಒರಟಾಗಿ ಬಿಡ್ರಿ. ಕಬ್ಬಿಣದ ಪಟ್ಟಿಲೆ ಸಿಮೆಂಟ್ ನೀರು ಎಳದು ಕನ್ನಡಿ ಮಾಡಾಕ ಹೋಗಬ್ಯಾಡ್ರಿ, ಪುಟ್ಟಿ ಅಂತೂ ಹಚ್ಚಲೇಬಾರದು. ನುಣುಪು ಗೋಡಿ ಕಣ್ಣಿಗೆ ಚಂದ, ಟೈಲ್ಸಿಗೆ ಹಿಡತ ಇರಂಗಿಲ್ಲ. ಗೋಡಿ ಅಗಲಕ್ಕ ಕೂಡೋವಂಥಾ ಅಲ್ಯೂಮಿನಿಯಂ ಪಟ್ಟಿ ಅಡ್ಡ, ಉದ್ದ, ಓರೆ ಇಟ್ಟು ನೋಡ್ರಿ, ಪಟ್ಟಿ ಹಿಂದ 3 ಮಿ.ಮೀ.ಗಿಂತ ಹೆಚ್ಚ ಸಂದಿ ಕಾಣಬಾರದು. ಮೂಲಿ ಕಾಟಕೋನ (90 ಡಿಗ್ರಿ) ಐತೋ ಇಲ್ಲೋ ನೋಡಾಕ ಇಂಥಾ ಸಣ್ಣ ಖೋಲ್ಯಾಗ 18 ಇಂಚು, 24 ಇಂಚು ಗುರ್ತು ಮಾಡಿ ಓರೆ ಅಳೀರಿ, 30 ಬರಬೇಕು. 4 ಅಡಿ ಗೋಡಿಯೊಳಗ ಮೂಲಿ ಅರ್ಧ ಇಂಚು ತಪ್ಪಿದ್ರ ನೆಲದ ಟೈಲ್ಸಿನ ಗೆರಿ ಓಡಿಹೋಗೋದು ಬಾಗಿಲದಾಗ ನಿಂತ್ರನ ಕಾಣತೈತಿ.

ಏಳು ದಿನ ನೀರ ಹೊಡೀಬೇಕು. ಕುಡಿಯೋ ನೀರಿನ ಟಾಕಿದ ನೀರ ಹೊಡೀರಿ, ಸವಳ ಬೋರಿನ ನೀರು ಬ್ಯಾಡ. ಆ ಉಪ್ಪ ಮತ್ತ ಗೋಡ್ಯಾಗ ಸೇರತೈತಿ. ಆಮ್ಯಾಲೆ ಇನ್ನೊಂದು ಹತ್ತು ದಿನ ಹಂಗ ಬಿಡ್ರಿ. ಗಿಲಾವು ಕುಗ್ಗಿ ಬಿರುಕು ಬಿಡೋದಿದ್ರ ಆ ದಿನದಾಗ ಬಿಡತೈತಿ, ಕಂಡಿದ್ದನ್ನ ತುಂಬಬಹುದು. ಧಾರವಾಡದ ಜೂನ್-ಜುಲೈ ಮಳ್ಯಾಗ ಹತ್ತು ದಿನ ಸಾಲಂಗಿಲ್ಲ.

ನಳಪೈಪ್_ಹುಬ್ಬಳ್ಳಿ:

ಪೈಪಿನ ಬಗ್ಗೆ ನಾಲ್ಕು ಮಾತು. ಮೊದಲನೇದು, ನಾಲ್ಕೂವರಿ ಇಂಚಿನ ಗೋಡಿಗೆ ಎಷ್ಟು ಕೊರೀಬಹುದು ಅನ್ನೋದಕ್ಕ ಒಂದು ಲೆಕ್ಕ ಐತಿ. ನೆಟ್ಟಗ ಮ್ಯಾಲೆ-ಕೆಳಗ ಹೋಗೋ ಗಾಡಿ ಗೋಡಿ ದಪ್ಪದ ಮೂರನೇ ಒಂದು ಪಾಲು, ಅಂದ್ರ ಒಂದೂವರಿ ಇಂಚು. ಅಡ್ಡ ಹೋಗೋ ಗಾಡಿ ಆರನೇ ಒಂದು ಪಾಲು, ಅಂದ್ರ ಮುಕ್ಕಾಲು ಇಂಚಷ್ಟ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿಗೂ ನಡಿಯೋ ಪ್ಲಾಸ್ಟಿಕ್) ಪೈಪಿನ ಹೊರ ಅಳತೀನ 22 ಮಿ.ಮೀ. ಐತಿ, ಅಡ್ಡ ಗಾಡ್ಯಾಗ ಕೂಡಂಗಿಲ್ಲ. ಅದಕ್ಕ ಅಡ್ಡ ಪೈಪನ್ನ 7 ಅಡಿ ಮ್ಯಾಲೆ ಗೋಡಿ ಹೊರಗ ಕ್ಲಾಂಪ್ ಹಾಕಿ ತರ್ರಿ, ಅಲ್ಲಿಂದ ನೆಟ್ಟಗ ಕೆಳಗ ಇಳಸ್ರಿ. ಗೋಡಿ ಒಳಗ ಅಡ್ಡ ಕೊರದು ಒಂದು ಸಾಲು ಇಟ್ಟಂಗಿ ಸಡ್ಲ ಮಾಡಿದ್ರ ಟೈಲ್ಸ್ ಅದ ಗೆರೀಗೆ ಬಿರಿಯೋದು ಖರೆ.

ಎರಡನೇದು, ಗೋಡಿ ಒಳಗ ಹೂತಿಡೋ ಡೈವರ್ಟರ್ (ನೀರು ಶವರಿಗೆ ಇಲ್ಲಾ ನಳಕ್ಕ ತಿರುಗಿಸೋ ವಾಲ್ವ್) ಈ ಗೋಡಿಗೆ ಬ್ಯಾಡ. ಅದರ ಒಡಲಿಗೆ ಎರಡೂವರಿ-ಮೂರು ಇಂಚು ಆಳ ಬೇಕು, ನಿಮ್ಮ ಗೋಡಿ ಹಿಂದ ಮಲಗೋ ಖೋಲಿ ಐತಿ, ಉಳಿಯೋದು ಬರೇ ಸಿಪ್ಪಿ. ಹೊರಗ ಕಾಣೋ ವಾಲ್ ಮಿಕ್ಸರ್ (ಬಿಸಿನೀರು ತಣ್ಣೀರು ಕೂಡಿಸೋ ನಳ) ಹಾಕ್ರಿ. ಅದಕ್ಕ ಎರಡು ಪಾಯಿಂಟು, ನಡುವಿಂದ ನಡುವಿಗೆ ಬರೋಬ್ಬರಿ 150 ಮಿ.ಮೀ., ಎಡಕ್ಕ ಬಿಸಿ, ಬಲಕ್ಕ ತಣ್ಣೀರು, ನೆಲದಿಂದ 3 ಅಡಿ 3 ಇಂಚು. ಎರಡೂ ಒಂದ ಮಟ್ಟದಾಗ ಇರಬೇಕು. ಶವರ್ ತೋಳಿನ ಪಾಯಿಂಟ್ 6 ಅಡಿ 9 ಇಂಚಿಗೆ. ಪಾಯಿಂಟಿಗೆಲ್ಲಾ ಪಿತ್ತಾಳಿ ಎಳಿ ಇರೋ ಎಲ್ಬೋ ಹಾಕ್ರಿ, ಪ್ಲಾಸ್ಟಿಕ್ ಎಳಿ ಬಿಗಿ ಮಾಡೂ ಮುಂದ ಸೀಳತೈತಿ, ಸೀಳಿದ್ದು ಟೈಲ್ಸ್ ಆದ ಮ್ಯಾಲನ ಗೊತ್ತಾಗೋದು.

ಎಲ್ಬೋದ ಬಾಯಿ ಎಲ್ಲಿ ನಿಲ್ಲಬೇಕು ಅನ್ನೋದನ್ನ ಗಿಲಾವು ಹಾಕಿಸೂಕಿಂತ ಮೊದಲ ಲೆಕ್ಕ ಹಾಕ್ರಿ: ಇಟ್ಟಂಗಿ ಮುಖದಿಂದ ಗಿಲಾವು 15, ಕೋಟಿಂಗ್ 1, ಅಂಟು 4, ಟೈಲ್ಸ್ 9, ಒಟ್ಟು 29 ಮಿ.ಮೀ. ಬಾಯಿ ಟೈಲ್ಸ್ ಮುಖಕ್ಕ ಸಮ ಇಲ್ಲಾ 2-3 ಮಿ.ಮೀ. ಒಳಗ. ಇಂಚುಗಟ್ಲೆ ಒಳಗ ಹೋದ್ರ ಎಕ್ಸ್‌ಟೆನ್ಷನ್ ನಿಪ್ಪಲ್ (ಬಾಯಿ ಉದ್ದ ಮಾಡೋ ತುಂಡು) ಹಾಕತಾರ, ಆ ನಿಪ್ಪಲಿನ ಜೋಡಣಿ ಟೈಲ್ಸಿನ ಹಿಂದ ಬರತೈತಿ. ಅದು ತೊಟ್ಟಿಕ್ಕಿದ್ರ ನೀರು ಬಚ್ಚಲಕ್ಕ ಬರಂಗಿಲ್ಲ, ನಿಮ್ಮ ಮಲಗೋ ಖೋಲಿ ಬಣ್ಣ ಉಬ್ಬತೈತಿ.

ಸೋಲಾರಿನ ನೀರು ಬ್ಯಾಸಿಗ್ಯಾಗ ಭಾಳ ಕಾಯತೈತಿ. ಸಿಪಿವಿಸಿ ಎಸ್‌ಡಿಆರ್-11 (ಪೈಪಿನ ದಪ್ಪದ ದರ್ಜೆ) ಪೈಪಿಗೆ 82 ಡಿಗ್ರಿ ಶಾಖದಾಗ ಚದರ ಸೆಂ.ಮೀ.ಗೆ ಬರೇ 7 ಕೆಜಿ ಒತ್ತಡದ ತಾಕತ್ತು, ತಣ್ಣೀರಾಗ 28. ಮನಿ ಟಾಕಿ ಒತ್ತಡಕ್ಕ ಅದು ಸಾಕು, ಚಿಂತಿ ಇಲ್ಲ. ಚಿಂತಿ ಇರೋದು ಹಿಗ್ಗೋದರದ್ದು: 2 ಮೀಟರ್ ಪೈಪ್ 50 ಡಿಗ್ರಿ ಹೆಚ್ಚ ಕಾದ್ರ 6 ಮಿ.ಮೀ. ಉದ್ದ ಆಗತೈತಿ. ಬಿಸಿ ಪೈಪಿಗೆ ಫೋಮ್ ಕೊಳವಿ ತೊಡಸಿ ಗಾಡ್ಯಾಗ ಇಡ್ರಿ, ಮ್ಯಾಲೆ ಕನಿಷ್ಠ 15 ಮಿ.ಮೀ. ಗಾರಿ, ಗಾಡಿ ಮ್ಯಾಲೆ ಕೋಳಿ ಜಾಳಿಗಿ. ಫೋಮ್ ಇಲ್ಲದ ಹೂತ ಪೈಪು ಹಿಗ್ಗಿ ಕುಗ್ಗಿ ಗಿಲಾವು ಬಿರಿಸತೈತಿ.

ಟೆಸ್ಟ್: ಸಾಲ್ವೆಂಟ್ (ಪೈಪ್ ಜೋಡಿಸೋ ಅಂಟು) ಹಾಕಿ 24 ತಾಸು ಆದ ಮ್ಯಾಲೆ ಎಲ್ಲಾ ಬಾಯಿಗೆ ಪ್ಲಗ್ ಬಡದು, ಗಾಳಿ ಹೊರಗ ಬಿಟ್ಟು, ಕೈ ಪಂಪಿಲೆ 10 ಕೆಜಿ ಒತ್ತಡ ಏರಿಸಿ ಒಂದು ತಾಸು ಬಿಡ್ರಿ. ಮುಳ್ಳು ಇಳೀಬಾರದು. ಗಿಲಾವು, ಟೈಲ್ಸ್ ನಡದಾಗೆಲ್ಲಾ ಪೈಪಿನ್ಯಾಗ ಒತ್ತಡ ಇಟ್ಟಿರ್ರಿ. ಯಾರರ ಪೈಪಿಗೆ ಮೊಳಿ ಹೊಡದ್ರ ಅವಾಗನ ಗೊತ್ತಾಗತೈತಿ.

ಇನ್ನೊಂದು, ಕೇಳದಿದ್ರೂ ಹೇಳತೀನಿ. ಮಾಳಿಗಿ ಮ್ಯಾಲಿನ ಟಾಕಿ ತಳ ಶವರಿಗಿಂತ 8 ಅಡಿ ಮ್ಯಾಲಿದ್ರ ಸಿಗೋ ಒತ್ತಡ ಸುಮಾರು ಕಾಲು ಬಾರ್. ಅಂಗಡ್ಯಾಗ ತೂಗಹಾಕಿದ 8 ಇಂಚಿನ ಮಳಿ ಶವರ್ ಅದಕ್ಕ ಹನಿ ಹನಿ ಬಿಡತೈತಿ. 4 ಇಂಚಿಂದು ಸಾಕು, ಮಿಕ್ಸರ್ ತನಕ ಮುಕ್ಕಾಲು ಇಂಚಿನ ಪೈಪ್, ಬೆಂಡು ಕಡಿಮಿ. ತಣ್ಣೀರೂ ಬಿಸಿನೀರೂ ಒಂದ ಟಾಕಿ ಮಟ್ಟದಿಂದ ಬರಲಿ, ಇಲ್ಲಾಂದ್ರ ಒತ್ತಡ ಹೆಚ್ಚಿದ್ದು ಕಡಿಮಿ ಇದ್ದದ್ದನ್ನ ಹಿಂದಕ್ಕ ನೂಕತೈತಿ.

ಹಳೇಮನಿ_ಹುಬ್ಬಳ್ಳಿ:

ಇಬ್ಬರಿಗೂ ಭಾಳ ಉಪಕಾರ. ಗಿಲಾವು ಕೀಳಸೋದು ಖಾತ್ರಿ ಆತು. ಕಲ್ಲು-ಮಣ್ಣಿನ ಗೋಡಿ ಒಂದು ಉಳೀತು. ಗಿಲಾವು ಒಂದು ಕಡೆ ಕಿತ್ತು ನೋಡಿದ್ರ ಒಳಗ ಕೆಂಪ ಮಣ್ಣಿನ ಸಂದಿ, ಬೆರಳಿಲೆ ಕೆದರಿದ್ರ ಬರತೈತಿ. ಹೊರಗ ಆ ಗೋಡಿ ಬುಡಕ್ಕ ಮೋರಿ ಹರೀತೈತಿ.

ಸಿವಿಲ್_ಗದಗ:

ನಿಮ್ಮ ಬಚ್ಚಲದಲ್ಲಿ ಹೆಚ್ಚು ವಿಚಾರ ಮಾಡಬೇಕಾದ್ದು ಇದೇ ಗೋಡೆ. ಶವರ್ ಇದರ ಮೇಲಿಲ್ಲ ಅನ್ನುವುದು ಸಮಾಧಾನವಲ್ಲ. 4 ಅಡಿ ಅಗಲದ ಖೋಲಿಯಲ್ಲಿ ಶವರಿನ ಸಿಡಿ ಬೀಳದ ಗೋಡೆ ಅಂತ ಒಂದೂ ಇರುವುದಿಲ್ಲ.

ಮಣ್ಣಿನ ಸಂದಿಯ ಗೋಡೆ ಹೊರಗಿನ ಮಳೆ, ಬುಡದ ಮೋರಿ, ನೆಲದ ತೇವ ಮೂರನ್ನೂ ಹೀರುತ್ತದೆ. ಇಷ್ಟು ವರ್ಷ ಎರಡೂ ಮುಖದಿಂದ ಆರುತ್ತಿತ್ತು, ಒಲೆಯ ಶಾಖವೂ ಆರಿಸುತ್ತಿತ್ತು. ಈಗ ಒಲೆ ಹೋಯಿತು. ಒಳಮುಖಕ್ಕೆ ಗಟ್ಟಿ ಸಿಮೆಂಟ್, ಅದರ ಮೇಲೆ ವಾಟರ್‌ಪ್ರೂಫ್, ಅದರ ಮೇಲೆ ಟೈಲ್ಸ್ ಹಚ್ಚಿ ಬಾಯಿ ಮುಚ್ಚಿದರೆ ಒಳಗಿನ ಮಣ್ಣು ಮೆತ್ತಗಾಗಿಯೇ ಉಳಿಯುತ್ತದೆ. ಮೆತ್ತನೆ ಮಣ್ಣಿಗೆ ಸಿಮೆಂಟ್ ಅಂಟುವುದೂ ಇಲ್ಲ. ಜೊತೆಗೆ ಹುಬ್ಬಳ್ಳಿ-ಗದಗ ಕಡೆಯ ಎರಿ ಭೂಮಿ. ಬೇಸಿಗೆಯಲ್ಲಿ ಒಣಗಿ ಬಿರಿದು, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲಿನ ಹಳೆ ಗೋಡೆ ವರ್ಷಕ್ಕೆ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಅದಕ್ಕೆ ನೇರವಾಗಿ ಅಂಟಿಸಿದ ಟೈಲ್ಸ್ ಅದರ ಜೊತೆಗೇ ಅಲುಗಬೇಕಾಗುತ್ತದೆ.

ಆದ್ದರಿಂದ ಈ ಗೋಡೆಯನ್ನು ಟೈಲ್ಸಿನಿಂದ ಬೇರೆ ಮಾಡಿ. ಒಳಗೆ ಜಿಐ (ಸತುವು ಲೇಪಿಸಿದ ಕಬ್ಬಿಣ) ಚೌಕಟ್ಟು ನಿಲ್ಲಿಸಿ ಸಿಮೆಂಟ್ ಫೈಬರ್ ಬೋರ್ಡ್ ಹೊಡೆಸಿ. 50 ಮಿ.ಮೀ. ಕಂಬಿಗಳು, ನಡುವಿನ ಅಂತರ 400 ಮಿ.ಮೀ.ಗಿಂತ ಹೆಚ್ಚಬಾರದು, ಏಕೆಂದರೆ ಬೋರ್ಡ್, ಅಂಟು, ಟೈಲ್ಸ್ ಎಲ್ಲ ಸೇರಿ ಚದರ ಮೀಟರಿಗೆ 40 ಕೆಜಿ ಹತ್ತಿರ ಬರುತ್ತದೆ. ಬೋರ್ಡ್ 12 ಮಿ.ಮೀ. ಜಿಪ್ಸಮ್ ಬೋರ್ಡ್ ಯಾವ ಬಣ್ಣದ್ದಾದರೂ ಬೇಡ. ಸ್ಕ್ರೂ ತುಕ್ಕು ಹಿಡಿಯದಂಥದ್ದು, 8 ಇಂಚಿಗೊಂದು. ಬೋರ್ಡ್ ನೆಲಕ್ಕೆ ತಾಕಬಾರದು, 10 ಮಿ.ಮೀ. ಎತ್ತಿ ಕೂಡಿಸಿ, ಆ ಸಂದಿಗೆ ಮೆತ್ತನೆ ಸೀಲಂಟ್ ತುಂಬಿ. ಬೋರ್ಡಿನಿಂದ ಬೋರ್ಡಿಗೆ 3 ಮಿ.ಮೀ. ಸಂದಿ ಬಿಟ್ಟು, ಸೀಲಂಟ್ ತುಂಬಿ, ಮೇಲೆ ಫೈಬರ್ ಜಾಳಿಗೆ ಪಟ್ಟಿ. ಹಳೆ ಗೋಡೆಯ ಡೊಂಕನ್ನೂ ಸೇರಿಸಿ ನಿಮ್ಮ ಅಗಲ 4 ಅಡಿಯಿಂದ 3 ಅಡಿ 9 ಇಂಚಿಗೆ ಇಳಿಯುತ್ತದೆ. ಸ್ನಾನಕ್ಕೆ ಅದು ಸಾಕು.

ಬೋರ್ಡ್ ಮತ್ತು ಕಲ್ಲಿನ ನಡುವೆ ಉಳಿದ ಟೊಳ್ಳಿಗೆ ಗಾಳಿ ಬೇಕು. ಹೊರಗೋಡೆಯಲ್ಲಿ ಕೆಳಗೆರಡು, ಮೇಲೆರಡು 2 ಇಂಚಿನ ರಂಧ್ರ ಹಾಕಿ ಜಾಲರಿ ಕೂಡಿಸಿ. ಕೆಳಗಿನವು ಹೊರಗಿನ ನೆಲಕ್ಕಿಂತ ಒಂದು ಅಡಿ ಮೇಲಿರಲಿ. ಹಂಡೆಯ ಹೊಗೆ ಹೋಗುತ್ತಿದ್ದ ಕಿಂಡಿ ಅದೇ ಗೋಡೆಯಲ್ಲಿದ್ದರೆ ಮುಚ್ಚಬೇಡಿ, ಬೋರ್ಡಿನಲ್ಲೂ ಅದೇ ಅಳತೆಗೆ ಕತ್ತರಿಸಿ ಎಕ್ಸಾಸ್ಟ್ ಫ್ಯಾನ್ ಕೂಡಿಸಿ. ಶವರಿನ ಹಬೆ ಹೊರಗೆ ಹೋಗಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಹೊರಗಿನ ಮೋರಿಯನ್ನು ಗೋಡೆಯ ಬುಡದಿಂದ ದೂರ ಸರಿಸಿ, ಆಗದಿದ್ದರೆ ಪೈಪಿನಲ್ಲಿ ಹಾಕಿ. ಅದನ್ನು ಬಿಟ್ಟು ಒಳಗೆ ಏನು ಹಚ್ಚಿದರೂ ಕೆಳಗಿನ ಮೂರು ಅಡಿ ಮತ್ತೆ ಸವಳು ಹತ್ತುತ್ತದೆ.

ಗೌಂಡಿಕೆಲಸ_ಧಾರವಾಡ:

ಸರ್, ಬೋರ್ಡಿನ ಮಾತು ಒಪ್ಪತೀನಿ. ಆದ್ರ ಚೌಕಟ್ಟು ಸರಿಯಾಗಿ ಕೂಡಸೋ ಕೈ ಸಿಗದ ಊರಿನವ್ರಿಗೆ ಇನ್ನೊಂದು ದಾರಿ: ಕಲ್ಲಿನ ಗೋಡಿಯಿಂದ ಒಂದು ಇಂಚು ಬಿಟ್ಟು ನಾಲ್ಕೂವರಿ ಇಂಚಿನ ಇಟ್ಟಂಗಿ ಗೋಡಿ ಬ್ಯಾರೇನ ಏರಸೋದು. ಜಾಗಾ ಹೆಚ್ಚ ತಿಂತೈತಿ, ಅಗಲ ಮೂರೂವರಿ ಅಡಿಗಿಂತ ಕಡಿಮಿ ಆಗತೈತಿ, ಬುಡಕ್ಕ ಕಾಂಕ್ರೀಟ್ ಪಟ್ಟಿ ಬೇಕು. 4 ಅಡಿ ಖೋಲಿಗೆ ಬೋರ್ಡನ ಮೇಲು. ಮಣ್ಣಿನ ಸಂದಿ ಕೆದರಿ ಜಾಳಿಗಿ ಬಡದು ಸಿಮೆಂಟ್ ಗಿಲಾವು ಮಾಡೋ ಪದ್ಧತಿ ಭಾಳ ಕಡೆ ಐತಿ. ಒಣ ಖೋಲಿಗೆ ನಡೀತೈತಿ, ಶವರಿನ ಬಚ್ಚಲಕ್ಕ ಮಾಡಸಬ್ಯಾಡ್ರಿ.

ಟೈಲ್ಸ್_ಹಾವೇರಿ:

ಈಗ ಕೋಟಿಂಗ್. ಟೈಲ್ಸ್, ಅದರ ಸಂದಿಯ ಗ್ರೌಟ್, ಎರಡೂ ನೀರು ತಡಿಯೋ ವಸ್ತು ಅಲ್ಲ. ಎಪಾಕ್ಸಿ ಗ್ರೌಟ್ ನೀರು ಕುಡಿಯಂಗಿಲ್ಲ ಖರೆ, ಆದ್ರ ಗೋಡಿ ಅಲುಗಿ ಅದರ ಅಂಚು ಕೂದಲಷ್ಟು ಬಿಟ್ರ ಸಾಕು. ನೀರು ನಿಲ್ಲಬೇಕಾದ್ದು ಟೈಲ್ಸಿನ ಹಿಂದಿನ ಪದರಿನ ಹತ್ರ. ನಿಮ್ಮ ಗೌಂಡಿ "ನೆಲಕ್ಕಷ್ಟ ಸಾಕು" ಅಂದದ್ದು ಅದಕ್ಕ ತಪ್ಪು.

ಎರಡು ಭಾಗದ ಅಕ್ರಿಲಿಕ್-ಸಿಮೆಂಟ್ ಕೋಟಿಂಗ್ ತಗೋರಿ, ಒಂದು ಪುಡಿ, ಒಂದು ಹಾಲಿನಂಥಾ ದ್ರವ. ಪ್ಯಾಕಿನ ಮ್ಯಾಲಿನ ಅಳತೀಲೆ ಕಲಸ್ರಿ, ನೀರು ಕೂಡಸಬ್ಯಾಡ್ರಿ. ಎಲ್ಲೆಲ್ಲಿ ಅಂದ್ರ: ನೆಲ ಪೂರ್ತಿ, ಎಲ್ಲಾ ಗೋಡಿ ಬುಡ ಒಂದು ಅಡಿ, ಶವರಿನ 4 ಅಡಿ ಗೋಡಿ ಪೂರ್ತಿ, ಅದರ ಎರಡೂ ಬದಿಯ ಗೋಡಿ 3 ಅಡಿ, 7 ಅಡಿ ಎತ್ತರದ ತನಕ. ಬೋರ್ಡಿನ ಗೋಡಿಗೆ ಮಾತ್ರ ಉದ್ದಕ್ಕ ಪೂರ್ತಿ ಹಚ್ಚರಿ.

ನೆಲದ ಶಾಬಾದಿ ಕಿತ್ತು, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ ಬಾಯಿ) ಹೊಸಾದು ಕೂಡಸ್ರಿ, 50 ಮಿ.ಮೀ. ನೀರಿನ ತಡಿ ಇರೋದು, ಇಲ್ಲಾಂದ್ರ ಮೋರಿ ವಾಸನಿ ಬರತೈತಿ. ಟ್ರ್ಯಾಪ್ ಶವರಿನ ಕಡಿಗೆ ಇರಲಿ, ಬಾಗಿಲದಿಂದ ಅಲ್ಲೀಮಟ 5 ಅಡಿಗೆ ಒಂದು ಇಂಚು ಇಳಕಲು. ಗೋಡಿ-ನೆಲ ಕೂಡೋ ಮೂಲಿಗೆ ಸುತ್ತಲೂ 1 ಇಂಚಿನ ಗೋಲಾ ಗಾರಿ ಹಾಕ್ರಿ. ಕಾಟಕೋನದ ಮೂಲ್ಯಾಗ ಕೋಟಿಂಗ್ ತೆಳ್ಳಗ ಆಗಿ ಮೊದಲ ಅಲ್ಲೇ ಹರೀತೈತಿ. ಬೋರ್ಡಿನ ಬುಡದಾಗ ಗೋಲಾ ಬ್ಯಾಡ, ಅಲ್ಲಿ ಮೆತ್ತನ್ನ ಸೀಲಂಟ್, ಅದರ ಮ್ಯಾಲೆ ಜಾಳಿಗಿ.

ಗೋಡಿ ಹಸಿ ಇರಬೇಕು, ನೀರು ಹೊಳೀಬಾರದು. ಒಣ ಗೋಡಿ ಕೋಟಿಂಗಿನ ನೀರು ಕುಡದುಬಿಡತೈತಿ, ಪುಡಿ ಪುಡಿ ಆಗತೈತಿ. ಮೊದಲ ಮೂಲಿ, ಪೈಪಿನ ಬಾಯಿ, ಟ್ರ್ಯಾಪಿನ ಸುತ್ತ ಒಂದು ಕೋಟ್ ಹಚ್ಚಿ, ಹಸಿ ಇರೂ ಮುಂದನ 6 ಇಂಚಿನ ಫೈಬರ್ ಜಾಳಿಗಿ ಪಟ್ಟಿ ಒತ್ತಿ ಕೂಡಸ್ರಿ. ಪೈಪಿನ ಬಾಯಿಗೆ ಚೌಕ ತುಂಡು, ನಡುವ ತೂತು. ಆಮ್ಯಾಲೆ ಪೂರ್ತಿ ಮೊದಲನೇ ಕೋಟ್ ಅಡ್ಡಕ್ಕ, ನಾಲ್ಕಾರು ತಾಸು ಬಿಟ್ಟು ಎರಡನೇದ್ದು ಉದ್ದಕ್ಕ. ಎರಡೂ ಸೇರಿ 1 ಮಿ.ಮೀ. ಆಗಬೇಕು. ಬಣ್ಣ ಹಚ್ಚಿದಂಗ ತೆಳ್ಳಗ ಎಳದ್ರ ಆಗಂಗಿಲ್ಲ, ಅದಕ್ಕ ಚದರ ಮೀಟರಿಗೆ 2 ಕೆಜಿ ಸಾಮಾನು ಬೇಕು. ಹಚ್ಚಿದವ್ರಿಗೆ ಪ್ಯಾಕ್ ಉಳದೈತಿ ಅಂದ್ರ ಗೋಡಿ ಮ್ಯಾಲೆ ಕಡಿಮಿ ಬಿದ್ದೈತಿ ಅಂತ ತಿಳೀರಿ.

ಐದು ದಿನ ಬಿಟ್ಟು ಟ್ರ್ಯಾಪ್ ಬಾಯಿ ಬಿಗಿಯಾಗಿ ಮುಚ್ಚಿ, ಹೊಸ್ತಿಲಕ್ಕ ಗಾರಿ ಒಡ್ಡು ಕಟ್ಟಿ, ಮ್ಯಾಲಿನ ಕಡೆ 1 ಇಂಚು ನಿಲ್ಲೋವಂಗ ನೀರು ತುಂಬಿ 48 ತಾಸು ಬಿಡ್ರಿ. ಪಕ್ಕಕ್ಕ ಒಂದು ಅಗಲ ಬೋಗಾಣಿಯೊಳಗ ನೀರಿಟ್ಟು ಎರಡಕ್ಕೂ ಪೆನ್ಸಿಲ್ ಗುರ್ತು ಹಾಕ್ರಿ. ಬೋಗಾಣ್ಯಾಗ ಇಳದಷ್ಟನ ಬಚ್ಚಲದಾಗೂ ಇಳದಿದ್ರ ಅದು ಆರಿದ್ದು. ಹೆಚ್ಚ ಇಳದಿದ್ರ ಸೋರಾಕತ್ತೈತಿ. ಮಲಗೋ ಖೋಲಿ ಗೋಡಿ ಬುಡಾನೂ ಕೈಲೆ ಮುಟ್ಟಿ ನೋಡ್ರಿ.

ಟೈಲ್ಸಿಗೆ ಸಿಮೆಂಟ್ ಬ್ಯಾಡ. ಕೋಟಿಂಗಿನ ಮ್ಯಾಲೆ ಬರೇ ಸಿಮೆಂಟ್ ಹಿಡಿಯಂಗಿಲ್ಲ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ನೂರಕ್ಕ ಅರ್ಧ ಪಾಲಿನಷ್ಟೂ (0.5%) ನೀರು ಕುಡಿಯಂಗಿಲ್ಲ, ಅದಕ್ಕ ಸಿಮೆಂಟ್ ಯಾವಾಗಲೂ ಅಂಟಂಗಿಲ್ಲ. ಐಎಸ್ 15477 (ಭಾರತದ ಮಾನಕ) ಅಂತ ಚೀಲದ ಮ್ಯಾಲೆ ಬರದ ಟೈಲ್ ಅಂಟು, ಟೈಪ್ 2 ಇಲ್ಲಾ ಮ್ಯಾಲಿಂದು. ಬೋರ್ಡಿನ ಗೋಡಿಗೆ ಎಸ್1 ಅನ್ನೋ ಬಾಗೋ ಗುಣದ್ದು ತಗೋರಿ. ಈ ಅಂಟಿಗೆ ಟೈಲ್ಸ್ ನೀರಾಗ ನೆನಸಬಾರದು, ಹಿಂದಿನ ಧೂಳು ಒದ್ದಿ ಬಟ್ಟೀಲೆ ಒರಸಿದ್ರ ಸಾಕು. 20 ಕೆಜಿ ಚೀಲಕ್ಕ ಸುಮಾರು 5 ಲೀಟರ್ ನೀರು, ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸ್ರಿ. ಬಿಗಿ ಆತಂತ ಮತ್ತ ನೀರು ಹಾಕಿದ್ರ ಆ ಅಂಟು ಸತ್ತಂಗ.

8 ಮಿ.ಮೀ. ಹಲ್ಲಿನ ಥಾಪಿಲೆ ಒಂದ ದಿಕ್ಕಿಗೆ ಗೆರಿ ಎಳೀರಿ, ಟೈಲ್ಸಿನ ಬೆನ್ನಿಗೂ ತೆಳ್ಳಗ ಸವರ್ರಿ. ಬ್ಯಾಸಿಗ್ಯಾಗ ಹತ್ತು ನಿಮಿಷಕ್ಕನ ಅಂಟಿನ ಮ್ಯಾಲೆ ಕೆನಿ ಕಟ್ಟತೈತಿ. ಬೆರಳು ಮುಟ್ಟಿಸಿದ್ರ ಅಂಟು ಬೆರಳಿಗೆ ಹತ್ತಬೇಕು, ಹತ್ತಲಿಲ್ಲಾಂದ್ರ ಕೆರದು ಒಗೀರಿ. ನಡುನಡುವ ಒಂದು ಟೈಲ್ಸ್ ಕಿತ್ತು ಬೆನ್ನು ನೋಡ್ರಿ, ನೂರಕ್ಕ 95 ಪಾಲು ಅಂಟು ತುಂಬಿರಬೇಕು. ಐದು ಉಂಡಿ ಇಟ್ಟು ಒತ್ತಿದ್ರ ನಡುವ ಟೊಳ್ಳು ಉಳೀತೈತಿ, ಅದರಾಗ ನೀರು ನಿಂತು ವಾಸನಿ ಹೊಡೀತೈತಿ.

ನೆಲದಿಂದ ಮೊದಲನೇ ಸಾಲು ಬಿಟ್ಟು ಎರಡನೇ ಸಾಲಿನಿಂದ ಸುರು ಮಾಡ್ರಿ, ಕೆಳಗ ಮಟ್ಟಕ್ಕ ಪಟ್ಟಿ ಬಡದು. ನೆಲದ ಟೈಲ್ಸ್ ಆದ ಮ್ಯಾಲೆ ಇಳಕಲಿಗೆ ತಕ್ಕಂಗ ಕತ್ತರಿಸಿ ಮೊದಲನೇ ಸಾಲು ಕೂಡಸ್ರಿ. ಆದ್ರ ಪಟ್ಟಿ ಮೊಳಿ ಹೊಡಿಯೂ ಮುಂದ ಕೋಟಿಂಗ್ ಹರೀತೈತಿ, ಅದಕ್ಕ ಮೊಳಿ ಬ್ಯಾಡ, ಇಟ್ಟಂಗಿ ತುಂಡಿನ ಮ್ಯಾಲೆ ಪಟ್ಟಿ ಕೂಡಸ್ರಿ. ಸಂದಿ 3 ಮಿ.ಮೀ. ಸಂದಿ ಇಲ್ಲದ ಟೈಲ್ಸ್ ಬೇಕು ಅಂತ ಮನಿಯವ್ರು ಹಟ ಹಿಡೀತಾರ, ಹಿಗ್ಗಾಕ ಜಾಗಾ ಇಲ್ಲದ್ದು ಅಂಚಿಗೆ ಚಿಪ್ಪು ಎದ್ದು ಹೋಗತೈತಿ.

24 ತಾಸಿನ ಮ್ಯಾಲೆ ಗ್ರೌಟ್. ನಾಲ್ಕು ನೆಟ್ಟನ್ನ ಮೂಲಿಗೆ, ಗೋಡಿ-ನೆಲದ ಸಂದಿಗೆ ಗ್ರೌಟ್ ಹಾಕಬ್ಯಾಡ್ರಿ, ಬಚ್ಚಲಕ್ಕ ಅಂತ ಬರೋ ಸಿಲಿಕೋನ್ ತುಂಬ್ರಿ. ಎರಡು ಗೋಡಿ ಬ್ಯಾರೆ ಬ್ಯಾರೆ ಅಲುಗತಾವು, ಅದರಾಗೂ ನಿಮ್ಮದು ಒಂದು ಇಟ್ಟಂಗಿ, ಒಂದು ಬೋರ್ಡ್. ಎಪಾಕ್ಸಿ ಹಾಕಿದ್ರ ಒಂದ ಸಲಕ್ಕ ಅರ್ಧ ಕೆಜಿಗಿಂತ ಹೆಚ್ಚ ಕಲಸಬ್ಯಾಡ್ರಿ, ಬಿಸಲಿನ ದಿನ ಮುಕ್ಕಾಲು ತಾಸಿನ್ಯಾಗ ಕಲ್ಲಾಗತೈತಿ. ಟೈಲ್ಸಿನ ಮ್ಯಾಲಿನ ಮಬ್ಬನ್ನ ಅವತ್ತ ಒರಸ್ರಿ.

ಹಳೇಮನಿ_ಹುಬ್ಬಳ್ಳಿ:

ಇಷ್ಟು ಬಿಡಿಸಿ ಹೇಳಿದ್ದಕ್ಕ ಎಲ್ಲಾರಿಗೂ ಶರಣು. ಸಾಮಾನು ಎಷ್ಟೆಷ್ಟು ತರಬೇಕು ಅಂತ ಒಂದು ಅಂದಾಜು ಕೊಟ್ರ ಅಂಗಡಿಗೆ ಒಂದ ಸಲ ಹೋಗಿ ಬರಬಹುದು. ಸೋಪಿನ ಸ್ಟ್ಯಾಂಡ್, ಹಿಡಕಿ ಇವನ್ನೆಲ್ಲಾ ಟೈಲ್ಸ್ ಆದ ಮ್ಯಾಲೆ ಡ್ರಿಲ್ ಹೊಡದು ಹಾಕಬಹುದ?

ಸಿವಿಲ್_ಗದಗ:

ಸುತ್ತಳತೆ 18 ಅಡಿ, 7 ಅಡಿ ಎತ್ತರ, ಬಾಗಿಲು-ಕಿಂಡಿ ಕಳೆದರೆ ಗೋಡೆ ಸುಮಾರು 105 ಚದರ ಅಡಿ. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 116. 1×2 ಅಡಿ ಟೈಲ್ಸ್ ಬಾಕ್ಸಿಗೆ 5 ಬಂದರೆ 12 ಬಾಕ್ಸ್. ಅದೇ ಬ್ಯಾಚ್ ನಂಬರಿನ ಇನ್ನೊಂದು ಬಾಕ್ಸ್ ತಂದು ಮನೆಯಲ್ಲಿಡಿ, ಮುಂದೆ ಅದೇ ಬಣ್ಣ ಸಿಗುವುದಿಲ್ಲ. ನೆಲಕ್ಕೆ 22 ಚದರ ಅಡಿ, ಒರಟು ಮುಖದ್ದು, ಒಂದು ಅಡಿ ಚೌಕಕ್ಕಿಂತ ದೊಡ್ಡದು ಬೇಡ. ದೊಡ್ಡ ಟೈಲ್ಸ್ ಟ್ರ್ಯಾಪಿನ ಕಡೆ ಇಳಕಲಿಗೆ ಬಾಗುವುದಿಲ್ಲ.

ಮೂರು ಇಟ್ಟಂಗಿ ಗೋಡೆಯ ಗಿಲಾವು, ನೆಲದ ಗಾರೆ, ಪೈಪಿನ ಗಾಡಿ ತುಂಬುವುದು ಎಲ್ಲಾ ಸೇರಿ 2 ಚೀಲ ಸಿಮೆಂಟ್, 10 ಘನ ಅಡಿ ಉಸುಕು. ಕೋಟಿಂಗ್: ನೆಲ 20, ಗೋಡೆಯ ಬುಡ 15, ಶವರಿನ ಗೋಡೆ ಮತ್ತು ಇಟ್ಟಂಗಿ ಬದಿಯ 3 ಅಡಿ ಸೇರಿ ಮೇಲಿನ ಭಾಗ 42, ಬೋರ್ಡ್ ಗೋಡೆಯ ಮೇಲಿನ ಭಾಗ 30, ಒಟ್ಟು 107 ಚದರ ಅಡಿ ಅಂದರೆ 10 ಚದರ ಮೀಟರ್. 20 ಕೆಜಿ ಬೇಕು. ಟೈಲ್ ಅಂಟು 20 ಕೆಜಿಯ 3 ಚೀಲ, ಅದರಲ್ಲಿ ಒಂದು ಎಸ್1. ಗ್ರೌಟ್ ಎರಡೂವರೆ ಕೆಜಿ, ಸಿಲಿಕೋನ್ 2 ಟ್ಯೂಬ್.

ಡ್ರಿಲ್ ವಿಷಯ: ಒಂದೊಂದು ರಂಧ್ರವೂ ಕೋಟಿಂಗಿಗೆ ಬಿದ್ದ ತೂತು. ಹಿಡಿಕೆ ಬೇಕೇಬೇಕು ಅಂದರೆ ಇಟ್ಟಂಗಿ ಗೋಡೆಗೆ ಇರಲಿ. ರಂಧ್ರವನ್ನು ಊದಿ ಧೂಳು ತೆಗೆದು, ಸಿಲಿಕೋನ್ ತುಂಬಿ, ಹಸಿ ಇರುವಾಗಲೇ ಪ್ಲಗ್ಗೂ ಸ್ಕ್ರೂವೂ ಹಾಕಿ. ಬೋರ್ಡಿನ ಗೋಡೆಗೆ ಮನುಷ್ಯನ ಭಾರ ಹೊರುವ ಹಿಡಿಕೆ ಬೇಕಾದರೆ ಬೋರ್ಡ್ ಹೊಡೆಯುವ ಮುಂಚೆ ಕಂಬಿಗಳ ನಡುವೆ ಅಡ್ಡ ಪಟ್ಟಿ ಕೂಡಿಸಿ ಗುರುತು ಬರೆದಿಡಿ, ಬರೇ ಬೋರ್ಡ್ ಹೊರುವುದಿಲ್ಲ. ಸೋಪಿನ ಸ್ಟ್ಯಾಂಡ್ ಅಂಟಿನದ್ದೇ ಸಾಕು. ಗೀಜರ್ ತೂಗುಹಾಕಲು ಕೂಡ ಬೋರ್ಡ್ ಬಿಟ್ಟು ಬಾಗಿಲ ಮೇಲಿನ ಇಟ್ಟಂಗಿ ಗೋಡೆಯನ್ನೇ ಆರಿಸಿ, ಕೊಂಡಿಗಳನ್ನು ಗಿಲಾವಿಗೆ ಮುಂಚೆಯೇ ಕೂಡಿಸಿ. ಅದರ 16 ಆಂಪಿಯರ್ ಸ್ವಿಚ್ ಬಚ್ಚಲದ ಹೊರಗಿರಲಿ, ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲೇಬೇಕು.

ನಳಪೈಪ್_ಹುಬ್ಬಳ್ಳಿ:

ಗಿಲಾವು ಹಾಕೂಕಿಂತ ಮೊದಲ ಪ್ರತಿ ಗೋಡಿ ಮುಂದ ಟೇಪ್ ಹಿಡದು ಪೈಪಿನ ಫೋಟೋ ತಗದು ಇಟ್ಕೋರಿ ಅಕ್ಕಾರ. ಒಂದು ಫೋಟೋದಾಗ ನೆಲದಿಂದ ಎತ್ತರ, ಇನ್ನೊಂದರಾಗ ಮೂಲಿಯಿಂದ ದೂರ ಕಾಣಬೇಕು. ಹಿಡಕಿಗೆ ಡ್ರಿಲ್ ಹಿಡಿಯೋ ದಿನ ಅವ ಫೋಟೋ ಬೇಕಾಗತಾವು.